ಹರಳು ಎಂದು ಹೇಳಿದ್ದು

ಎಲ್ಲ ಮೊದಲಿನಂತೆಯೇ ಇದ್ದ ಕೊನೆಯ ದಿನ ಬೈಲಹೊಂಗಲದಲ್ಲಿ ದನದ ಸಂತೆ ಇತ್ತು. ಅಣ್ಣ ಒಂದು ಎತ್ತಿನ ಬಾಯಿ ತೆರೆದು ನೋಡುತ್ತಿದ್ದ. ಎಡಗೈಯಲ್ಲಿ ಮೂಗುದಾಣ ಹಿಡಿದು, ಬಲಗೈ ಹೆಬ್ಬೆರಳಿನಿಂದ ತುಟಿ ಸರಿಸಿ, ಒಂದು ಕ್ಷಣ ನೋಡಿ ಬಿಟ್ಟುಬಿಟ್ಟ.

"ನಾಕ ಹಲ್ಲರಿ ಯಜಮಾನ್ರ, ಇನ್ನೂ ಹುಡುಗ ಐತಿ," ಎಂದ ಮಾರುವವ.

"ಇದು ಹುಡುಗ ಆದ್ರ ನಾ ಇನ್ನೂ ತೊಟ್ಟಿಲದಾಗ ಅದೇನಿ," ಎಂದ ಅಣ್ಣ. ಸುತ್ತ ನಿಂತವರೆಲ್ಲ ನಕ್ಕರು. ಮಾರುವವನೂ ನಕ್ಕ.

ಅಣ್ಣನಿಗೆ ಆಗ ಎಪ್ಪತ್ತಮೂರು. ನನಗಿಂತ ಏಳು ವರ್ಷ ದೊಡ್ಡವ. ಮುರಗೋಡದ ಹತ್ತಿರದ ನಮ್ಮ ಊರಿನಲ್ಲಿ ಹೊಲ ಮಾಡಿಕೊಂಡಿದ್ದ. ಅವನು ದಲ್ಲಾಳಿಯಲ್ಲ. ಆದರೆ ಎತ್ತು ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಕಿತ್ತೂರು ಕಡೆಯವರು, ಸವದತ್ತಿ ಕಡೆಯವರು, ಒಮ್ಮೊಮ್ಮೆ ರಾಮದುರ್ಗದಿಂದಲೂ ಬರುತ್ತಿದ್ದರು. ಒಂದು ಕಪ್ ಚಹಾ, ಎರಡು ಮಿರ್ಚಿ ಭಜಿ ಕೊಡಿಸಿದರೆ ಸಾಕು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕೊಳ್ಳುವವರು ಕಡಿಮೆಯಾದರು. ಆದರೂ ಕೊಳ್ಳುವವರು ಅವನನ್ನು ಬಿಟ್ಟು ಕೊಳ್ಳುತ್ತಿರಲಿಲ್ಲ.

ನಾನು ಬೈಲಹೊಂಗಲದಲ್ಲಿ ಮನೆ ಮಾಡಿದವನು. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದೆ. ಎಸ್ಸೆಸ್ಸೆಲ್ಸಿ ಓದಿದ್ದೇನೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವನು ಆಗ ನಾನೊಬ್ಬನೇ. ಹೀಗಾಗಿ ಕಚೇರಿ, ಕಾಗದ, ಆಸ್ಪತ್ರೆ ಎಂದರೆ ನನ್ನನ್ನೇ ಮುಂದೆ ಮಾಡುವುದು ವಾಡಿಕೆ. ಅಣ್ಣನೂ ಹಾಗೇ ಮಾಡುತ್ತಿದ್ದ.

ಸಂತೆ ಮುಗಿಸಿ ಇಬ್ಬರೂ ನಮ್ಮ ಮನೆಗೆ ಬಂದೆವು. ನನ್ನ ಹೆಂಡತಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದಳು. ಅಣ್ಣ ಮೂರು ರೊಟ್ಟಿ ತಿಂದು, ಮೊಸರು ಹಾಕಿಸಿಕೊಂಡು, "ನಿಮ್ಮ ಊರ ಮೊಸರು ಪಾಕೀಟ ಹಾಲಿಂದು, ತಿಂದಂಗೂ ಆಗೂದಿಲ್ಲ ಕುಡದಂಗೂ ಆಗೂದಿಲ್ಲ," ಎಂದು ಬೈಯುತ್ತಲೇ ಅದನ್ನೂ ಮುಗಿಸಿದ. ನಾಲ್ಕು ಗಂಟೆಯ ಬಸ್ಸಿಗೆ ಕೂಡಿಸಿ ಬಂದೆ. ಬಸ್ಸು ಬಿಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಲಿ ಒಳಗ ತಗೋರಿ ಅಜ್ಜಾರ ಅನ್ನೂದಿಲ್ಲೇನೋ ಕಂಡಕ್ಟರಾ?" ಎಂದ.

"ನಾ ರಿಟೈರ್ ಆಗೇನಿ. ಹೋದ್ರ ಹೋಗ್ಲಿ ನಿನ್ನ ತಲಿ," ಎಂದೆ.

ಮರುದಿನ ಮುಂಜಾನೆ ಅವನ ಫೋನು ಬಂತು. "ತಮ್ಮಾ, ಒಂದಕ್ಕ ಹೋದ್ರ ಕೆಂಪಗ ಬಂತಲ್ಲೋ. ನೋವಿಲ್ಲ ಏನಿಲ್ಲ. ಉಷ್ಣ ಆಗಿರಬೇಕು."

ಇರಬಹುದು ಎಂದುಕೊಂಡು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಮತ್ತೆ ಹಾಗೇ ಆದಾಗ ಬೈಲಹೊಂಗಲದಲ್ಲಿ ತೋರಿಸಿದೆ. ಅಲ್ಲಿಯ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಚೀಟಿ ಬರೆದು ಬೆಳಗಾವಿಗೆ ಕಳಿಸಿದರು. ಅಣ್ಣನ ಜೊತೆ ನಾನು ಮತ್ತು ಅವನ ಮಗ ಹೋದೆವು. ಮಗ ನಲವತ್ತು ದಾಟಿದವ, ಅಪ್ಪನ ಹೊಲವನ್ನು ಈಗ ಅವನೇ ನೋಡುತ್ತಾನೆ.

ದೊಡ್ಡ ಸ್ಕ್ಯಾನ್ ಆದ ಮೇಲೆ ಡಾಕ್ಟರು ನನ್ನನ್ನೂ ಮಗನನ್ನೂ ಒಳಗೆ ಕರೆದರು. ಬಲಗಡೆಯ ಕಿಡ್ನಿಯಲ್ಲಿ ಗಡ್ಡೆ ಇದೆ, ಕ್ಯಾನ್ಸರಿನದೇ ಇರಬೇಕು, ಬೇರೆ ಕಡೆ ಹಬ್ಬಿದ್ದು ಕಾಣುವುದಿಲ್ಲ ಎಂದರು. ಎರಡೂ ಮಗ್ಗುಲು ಬಿಡಿಸಿ ಹೇಳಿದರು. ಆಪರೇಶನ್ ಮಾಡಿದರೆ ಆ ಕಿಡ್ನಿಯನ್ನು ಪೂರ್ತಿ ತೆಗೆಯಬೇಕು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಹೃದಯವೂ ಅಷ್ಟು ಗಟ್ಟಿ ಇಲ್ಲ. ತಡೆದುಕೊಳ್ಳುತ್ತಾರೆ ಅನಿಸುತ್ತದೆ, ಆದರೆ ಖಾತ್ರಿ ಕೊಡಲಾಗುವುದಿಲ್ಲ. ಮಾಡಿಸದಿದ್ದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತ ಹೋಗಬಹುದು. ವಯಸ್ಸಾದವರಲ್ಲಿ ಕೆಲವರಿಗೆ ಅದು ನಿಧಾನ ಬೆಳೆಯುತ್ತದೆ. ಆದರೆ ಇದು ಸಣ್ಣ ಗಡ್ಡೆಯಲ್ಲ. ತಮ್ಮ ಮನಸ್ಸು ಆಪರೇಶನ್ ಕಡೆಗಿದೆ ಎಂದರು. ಒಂದು ತಿಂಗಳೊಳಗೆ ತಿಳಿಸಬೇಕು ಎಂದರು.

"ಅವರನ್ನ ಒಳಗ ಕರೀರಿ. ಅವರ ಮುಂದ ನಾನ ಹೇಳ್ತೀನಿ. ಮಾಡಿಸ್ಕೊಳ್ಳಾವ್ರು ಅವರು," ಎಂದರು ಡಾಕ್ಟರು.

"ಬ್ಯಾಡ್ರಿ ಸರ್. ಮನ್ಯಾಗ ಸಾವಕಾಶ ನಾವ ಹೇಳ್ತೇವ್ರಿ," ಎಂದೆ ನಾನು.

"ಹೇಳಬೇಕು ಮತ್ತ."

"ಹೇಳ್ತೇವ್ರಿ."

ನಮ್ಮ ಕಡೆ ಆ ರೋಗದ ಹೆಸರನ್ನು ರೋಗಿಯ ಎದುರು ಹೇಳುವುದಿಲ್ಲ. ರೋಗಿ ಇಲ್ಲದಾಗಲೂ "ದೊಡ್ಡ ಬ್ಯಾನಿ" ಎಂದು ದನಿ ತಗ್ಗಿಸಿ ಹೇಳುತ್ತಾರೆ. ನಮ್ಮ ಸೋದರಮಾವನಿಗೆ ಗಂಟಲಲ್ಲಿ ಅದಾದಾಗ ಯಾರೋ ಹೆಸರು ಹೇಳಿಬಿಟ್ಟರು. ಮಾವ ಅವತ್ತಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ, ಊಟ ಬಿಟ್ಟ, ಎರಡು ವಾರದಲ್ಲಿ ಹೋದ. ರೋಗ ಕೊಲ್ಲಲಿಲ್ಲ, ಹೆಸರು ಕೊಂದಿತು ಎಂದು ನಮ್ಮ ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅದನ್ನೇ ನಂಬಿ ಬೆಳೆದವರು ನಾವು. ಇದನ್ನು ನೆಪಕ್ಕಾಗಿ ಹೇಳುತ್ತಿಲ್ಲ. ಆ ಬಾಗಿಲು ದಾಟಿ ಹೊರಗೆ ಬರುವಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ.

ಅಣ್ಣ ಬೆಂಚಿನ ಮೇಲೆ ಕುಳಿತು ಪಕ್ಕದವನ ಜೊತೆ ಮಾತಾಡುತ್ತಿದ್ದ. ಪಕ್ಕದವನು ಕಿಡ್ನಿಯ ಹರಳಿಗೆ ತೋರಿಸಲು ಬಂದವನು.

"ಏನಂತ?" ಎಂದ ಅಣ್ಣ.

ಮಗ ನೆಲ ನೋಡಿದ. ನಾನು, "ಹರಳ ಐತಂತ ಅಣ್ಣಾ. ದೊಡ್ಡದೈತಂತ," ಎಂದೆ.

ಅಣ್ಣನ ಮುಖ ಬಿಚ್ಚಿಕೊಂಡಿತು. "ಹರಳೇನು! ಇಷ್ಟಕ್ಕ ಬೆಳಗಾವಿತನಕ ಎಳಕೊಂಡ ಬಂದ್ರ್ಯಾ ನನ್ನ?" ಎಂದು ಎದ್ದು ನಿಂತ. ಪಕ್ಕದವನ ಹೆಗಲು ತಟ್ಟಿ, "ನಾವೂ ನಿಮ್ಮ ಪಾರ್ಟಿನ ಅಂತ್ರೀ," ಎಂದ. ಆಮೇಲೆ ಕೆಳಗೆ ಹೋಗಿ ಚಹಾ ಕುಡಿದೆವು. ಮಗ ತನ್ನ ಚಹಾವನ್ನು ಅರ್ಧಕ್ಕೇ ಬಿಟ್ಟ.

ಹರಳು ಎಂದೇ ಹೇಳಿ ಆಪರೇಶನ್ ಮಾಡಿಸಿಬಿಡಬಹುದು ಎಂದು ನಾನು ಅಂದುಕೊಂಡಿದ್ದೆ. ವಾಹನದಲ್ಲಿ ಬರುವಾಗ, "ಆಪರೇಶನ್ ಆಗಬೇಕಂತಣ್ಣಾ, ಆ ಕಿಡ್ನೀನ ತೆಗೀಬೇಕಂತ," ಎಂದೂ ಹೇಳಿದೆ. ಅಲ್ಲೇ ನಾನು ತಪ್ಪಿದ್ದು. ಬೇರೆ ಯಾವ ಸುಳ್ಳಿನ ಹೆಸರು ಹೇಳಿದ್ದರೂ ಅವನು ನನ್ನ ಮಾತು ಕೇಳುತ್ತಿದ್ದನೇನೋ. ಹರಳು ಎಂದರೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಓಣಿಗೆ ಇಬ್ಬರು ಹರಳಿನವರಿದ್ದಾರೆ. ಹುರುಳಿ ಕಟ್ಟು ಕುಡಿದವರು, ಬಾಳೆ ದಿಂಡಿನ ರಸ ಕುಡಿದವರು, ತೊರಗಲ್ಲಿನ ಹತ್ತಿರ ಯಾರೋ ಕೊಡುವ ಬೇರು ತಿಂದವರು. ಕಿಡ್ನಿ ತೆಗೆಸಿಕೊಂಡವನು ಒಬ್ಬನೂ ಇಲ್ಲ.

ಅಣ್ಣ ಆ ವಿಚಾರವನ್ನು ಎತ್ತು ನೋಡುವ ಹಾಗೆಯೇ ನೋಡತೊಡಗಿದ. ಯಾರ ಮಾತನ್ನೂ ಸುಮ್ಮನೆ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಊರ ಕಟ್ಟೆಯ ಮೇಲೆ ಕುಳಿತು ಹರಳಾದವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ. ಎಷ್ಟು ದಿನ ನೋವಿತ್ತು, ಏನು ಕುಡಿದೆ, ಮತ್ತೆ ಬಂತೋ ಇಲ್ಲವೋ. ತನಗೆ ನೋವೇ ಇಲ್ಲವಲ್ಲ ಎಂಬುದು ಅವನಿಗೆ ವಿಚಿತ್ರವಾಗಿ ಕಂಡಿತು. ಅದನ್ನೂ ನನ್ನನ್ನು ಕೇಳಿದ. "ದೊಡ್ಡ ಹರಳು ಅಳ್ಳಾಡೂದಿಲ್ಲ, ಅದಕ್ಕ ನೋಯೂದಿಲ್ಲ," ಎಂದೆ. ಅಷ್ಟು ಬೇಗ ಅಷ್ಟು ಚೆನ್ನಾದ ಸುಳ್ಳು ನನಗೆ ಹೊಳೆಯುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಅಣ್ಣನ ಹೆಂಡತಿ, ನಮ್ಮ ವೈನಿಗೆ ಅನುಮಾನ ಬಂತು. ಅವಳು ಸೊಸೆಯಾಗಿ ಬಂದಾಗ ನಾನು ಸಾಲೆಗೆ ಹೋಗುವ ಹುಡುಗ, ಹಾಗಾಗಿ ಅವಳೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಾಳೆ. ಒಂದು ದಿನ ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ, ತಲೆ ಎತ್ತದೆ, "ತಮ್ಮಾ, ಅದು ಹರಳಲ್ಲ ಹೌದಲ್ಲೋ?" ಎಂದಳು. ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಮೆಣಸಿನಕಾಯಿ ಮುರಿಯುತ್ತಲೇ ಇದ್ದಳು. ಆಮೇಲೆ, "ಅವರಿಗೆ ಹೇಳಬ್ಯಾಡ. ಗೊತ್ತಾದ ಮ್ಯಾಲ ಅವರ ಮಾರಿ ನೋಡ್ಕೊಂತ ನಾ ಹೆಂಗ ರೊಟ್ಟಿ ಬಡೀಲೋ?" ಎಂದಳು.

ಆ ಮಾತಿನಿಂದ ನನಗೆ ಹಗುರಾಯಿತು. ಅವಳ ಸಂಕಟವನ್ನು ನಾನು ನನ್ನ ಅನುಕೂಲಕ್ಕೆ ಬಳಸಿಕೊಂಡೆ. ವೈನಿ ಬೇಡವೆಂದಿದ್ದಾಳೆ ಎಂದು ಅಣ್ಣನ ಮಗನಿಗೂ ಹೇಳಿ ಅವನ ಬಾಯಿ ಮುಚ್ಚಿಸಿದೆ. ಅವನು ಮಾತ್ರ, "ಕಾಕಾ, ಡಾಕ್ಟರಿಗೆ ಹೇಳ್ತೇವಂತ ಮಾತ ಕೊಟ್ಟೇವಲ್ರಿ," ಎಂದಿದ್ದ.

ಸುರೇಬಾನದಲ್ಲಿ ಒಬ್ಬರಿಗೆ ನೆಲ್ಲಿಕಾಯಿಯಷ್ಟು ಹರಳಿತ್ತು, ಔಷಧದಿಂದಲೇ ಬಿತ್ತು ಎಂಬ ಸುದ್ದಿ ಬಂತು. ಅಣ್ಣ ನೋಡಲೇಬೇಕೆಂದ. ಸವದತ್ತಿಯಲ್ಲಿ ಒಂದು ಬಸ್ಸು, ರಾಮದುರ್ಗದಲ್ಲಿ ಒಂದು ಬಸ್ಸು ಬದಲಿಸಿ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಅವನಿಗೆ ಖುಷಿ. ಕಬ್ಬು ಎಷ್ಟೆತ್ತರ ಬಂದಿದೆ, ಯಾರ ಹೊಲದಲ್ಲಿ ಕಡಲೆ ಹಸಿರಾಗಿದೆ ಎಂದು ಹೇಳುತ್ತಲೇ ಬಂದ. ಬಸ್ಸಿನ ಕಂಡಕ್ಟರ್ ಹುಡುಗಿಗೆ, "ಇವರೂ ನಿಮ್ಮ ಪೈಕಿನ ತಂಗಿ. ಆದ್ರ ಇವರ ಕಾಲದಾಗ ಬಸ್ಸ ಇಷ್ಟ ಸ್ವಚ್ಛ ಇರ್ತಿದ್ದಿಲ್ಲ," ಎಂದು ನನ್ನ ಮಾನ ಕಳೆದ.

ಸುರೇಬಾನದ ಆ ಮನುಷ್ಯ ಹರಳನ್ನು ಸುಣ್ಣದ ಡಬ್ಬಿಯಲ್ಲಿ ಹತ್ತಿ ಹಾಕಿ ಇಟ್ಟಿದ್ದ. ನೆಲ್ಲಿಕಾಯಿಯಷ್ಟಲ್ಲ, ಕಡಲೆಕಾಳಿಗಿಂತ ತುಸು ದೊಡ್ಡದು. ಅಣ್ಣ ಅದನ್ನು ಅಂಗೈ ಮೇಲೆ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ.

"ಎಷ್ಟ ಮಂದಿಗೆ ತೋರ್ಸೀರಿ ಇದನ್ನ?"

"ಬಂದಾವ್ರಿಗೆಲ್ಲಾ ತೋರಸ್ತೇನ್ರಿ."

"ಅದಕ್ಕ ಸವದೈತಿ ಬಿಡ್ರಿ. ಮೊದಲ ನೆಲ್ಲಿಕಾಯಿ ಇದ್ದಿರಬೇಕು."

ಆ ಮನೆಯವರು ಬಿದ್ದು ಬಿದ್ದು ನಕ್ಕರು. ನಮಗೆ ಚುರುಮುರಿ ಮಾಡಿ ಕೊಟ್ಟರು. ನಾನೂ ನಕ್ಕೆ. ನಿಜವಾಗಿಯೇ ನಕ್ಕೆ ಎಂಬುದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಮರಳಿ ಬರುವಾಗ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಒಂದು ತಾಸು ಕಾಯಬೇಕಾಯಿತು. ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಅಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ತಮ್ಮಾ, ನಿನಗೇನ ಅನಸ್ತೈತಿ? ನೀ ಡಾಕ್ಟರ ಮಾತ ಕೇಳ್ದಾವ. ಮಾಡಿಸ್ಕೊಳ್ಳಲ್ಯೋ ಬಿಡ್ಲ್ಯೋ?"

ಅವನು ಚೇಷ್ಟೆ ಮಾಡದೆ ನನ್ನನ್ನು ಏನನ್ನಾದರೂ ಕೇಳಿದ್ದು ಆ ಒಂದೇ ಸಲ. ಸುತ್ತಮುತ್ತ ಯಾರೂ ಇರಲಿಲ್ಲ. ಬಾಯಿವರೆಗೂ ಬಂದಿತ್ತು. ಆದರೆ ಹೇಳಿದರೆ ಮುಂದೆ ಏನಾದರೂ ಅದು ನನ್ನ ತಲೆಯ ಮೇಲೆಯೇ. ಮಾಡಿಸು ಎಂದು ಹೇಳಿ ಆಪರೇಶನ್ ಟೇಬಲ್ ಮೇಲೆ ಹೆಚ್ಚುಕಡಿಮೆಯಾದರೆ ವೈನಿಯ ಮುಖ ಹೇಗೆ ನೋಡಲಿ? ಬೇಡ ಎಂದು ಹೇಳಿ ರೋಗ ಬೆಳೆದರೆ?

"ನಿನ್ನ ಮನಸಿಗೆ ಬಂದಂಗ ಮಾಡಣ್ಣಾ," ಎಂದೆ.

ಅಣ್ಣ ತಲೆ ಆಡಿಸಿದ. ಬಸ್ಸು ಬಂದ ಮೇಲೆ ಕಿಟಕಿಯ ಪಕ್ಕ ಕುಳಿತು ತನ್ನ ತೀರ್ಮಾನ ಹೇಳಿದ. "ಎತ್ತಿನ ಗೊರಸಿಗೆ ಮುಳ್ಳ ಹೊಕ್ಕೈತಿ ಅಂತ ಯಾರರೆ ಕಾಲ ಕಡೀತಾರೇನ? ಒಂದ ಹರಳಿನ ಸಲುವಾಗಿ ಇಡೀ ಕಿಡ್ನಿ ನಾ ಕೊಡೂದಿಲ್ಲ. ಹುರಳಿ ಕಟ್ಟ ಕುಡೀತೇನಿ."

ಆ ಮಾತಿನಲ್ಲಿ ಒಂದೂ ತಪ್ಪಿಲ್ಲ. ಹರಳೇ ಆಗಿದ್ದರೆ ಅದು ಸರಿಯಾದ ನಿರ್ಧಾರ. ಅವನು ಕೇಳಿ, ತಿರುಗಾಡಿ, ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸಿದ್ದ. ನನಗೆ ಆಗ ಆದದ್ದು ದುಃಖವಲ್ಲ. ದೊಡ್ಡ ಹೊರೆ ಇಳಿದಂತಾಯಿತು. ಬೇಡವೆಂದವನು ಅವನು, ನಾನಲ್ಲ. ಬೈಲಹೊಂಗಲ ಬರುವವರೆಗೆ ನನಗೆ ಬಸ್ಸಿನಲ್ಲಿ ನಿದ್ದೆಯೂ ಬಂತು.

ಡಾಕ್ಟರು ಹೇಳಿದ ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಇದ್ದಾಗ ಕಿತ್ತೂರಿನ ಹತ್ತಿರ ಒಂದು ಊರಿಗೆ ಅಣ್ಣ ಎತ್ತು ನೋಡಲು ಹೋದ. ನನ್ನನ್ನೂ ಕರೆದ. ಅಂಗಳದಲ್ಲಿ ಕಟ್ಟಿದ ಎತ್ತು ನೋಡಲು ಚಂದವಿತ್ತು. ಕೊಂಬಿಗೆ ಎಣ್ಣೆ ಹಚ್ಚಿದ್ದರು. ಅಣ್ಣ ಸುತ್ತ ಒಂದು ಸಲ ತಿರುಗಿ, ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಮೊಣಕಾಲು ಸವರಿದ. ಅಲ್ಲಿ ಕೂದಲು ಸವೆದಿತ್ತು.

"ನೊಗ ಇಟ್ಟರ ಕುಂತ ಬಿಡತೈತಲ್ಲಪಾ ಇದು?" ಎಂದ ಮಾರುವವನಿಗೆ.

ಮಾರುವವ ಸ್ವಲ್ಪ ತಡವರಿಸಿ, "ಹೇಳಿದ್ರ ಯಾರ ತಗೋತಾರ್ರಿ ಯಜಮಾನ್ರ?" ಎಂದ.

"ತಗೊಳ್ಳಾವ ತಗೋತಾನ, ಬಿಡಾವ ಬಿಡ್ತಾನ. ಅದು ಅವನ ಕೆಲಸ. ಖೋಡಿ, ಐಬು ಇದ್ರ ಹೇಳೂದಷ್ಟ ನಿನ್ನ ಕೆಲಸ. ಅವನ ಕೆಲಸಾನೂ ನೀನ ಮಾಡಾಕ ಹೋಗಬ್ಯಾಡ."

ಅವನು ಬೈಯಲಿಲ್ಲ. ಮನೆಯ ಹುಡುಗರಿಗೆ ಬುದ್ಧಿ ಹೇಳುವಂತೆ ಹೇಳಿದ. ನಾನು ಗೋದಲಿಯ ಪಕ್ಕ ನಿಂತಿದ್ದೆ. ಮರುದಿನವೇ ಹೋಗಿ ಎಲ್ಲ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ.

ಮರುದಿನ ಹೋದೆ ಕೂಡ. ಅಣ್ಣ ಪಡಸಾಲೆಯಲ್ಲಿ ಕುಳಿತು ದೊಡ್ಡ ಲೋಟದಲ್ಲಿ ಹುರುಳಿ ಕಟ್ಟು ಕುಡಿಯುತ್ತಿದ್ದ. ಮೂಗು ಮುಚ್ಚಿಕೊಂಡು ಕುಡಿದು, "ಎತ್ತಿಗೆ ಹಾಕೂದನ್ನ ನನಗ ಹಾಕಾಕ ಹತ್ಯಾಳ ನಿಮ್ಮ ವೈನಿ," ಎಂದು ನಕ್ಕ. ಕೆಂಪು ಬರುವುದು ನಿಂತು ಎಂಟು ದಿನವಾಯಿತು ಎಂದ. ವೈನಿ ಒಳಗಿನಿಂದ ನನ್ನನ್ನು ನೋಡಿದಳು. ನಾನು ಊಟ ಮಾಡಿ ಮರಳಿ ಬಂದೆ.

ಇದರ ಮುಂದಿನದನ್ನು ಬರೆಯಲು ಬಹಳ ದಿನ ತಡೆದೆ. ತಿಂಗಳ ಕೊನೆಗೆ ನಾನೇ ಬೆಳಗಾವಿಯ ಡಾಕ್ಟರಿಗೆ ಫೋನು ಮಾಡಿದೆ. ಆಪರೇಶನ್ ಬೇಡ ಅಂತಾರ್ರಿ ಎಂದೆ.

"ಯಾರು ಬ್ಯಾಡ ಅಂತಾರ?"

"ಅಣ್ಣನ ಅಂತಾನ್ರಿ."

"ಅವರಿಗೆ ಎಲ್ಲಾ ಗೊತ್ತೈತೇನ್ರಿ? ಏನ ರೋಗ ಅಂತ ಹೇಳೀರಿ?"

"ಹೂನ್ರಿ. ಗೊತ್ತೈತ್ರಿ."

ಡಾಕ್ಟರು, ಆಯಿತು, ಅವರ ಇಚ್ಛೆ ಎಂದರೆ ನಾನು ಒತ್ತಾಯ ಮಾಡಲಾರೆ, ಮೂರು ತಿಂಗಳಿಗೆ ಸ್ಕ್ಯಾನಿಗೆ ಮಾತ್ರ ತಪ್ಪದೆ ಕರೆದುಕೊಂಡು ಬನ್ನಿ ಎಂದರು.

ಮೊದಲ ಸುಳ್ಳು ಹೆದರಿಕೆಯಲ್ಲಿ ಬಾಯಿ ತಪ್ಪಿ ಬಂದದ್ದು. ಅದನ್ನು ಯಾರಾದರೂ ಮನ್ನಿಸಿಯಾರು. ಇದು ಹಾಗಲ್ಲ. ಕುರ್ಚಿಯಲ್ಲಿ ಕುಳಿತು, ನೀರು ಕುಡಿದು, ನಂಬರು ಒತ್ತಿ ಹೇಳಿದ್ದು. ಇದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಮೂರು ತಿಂಗಳಾದ ಮೇಲೆ ಸ್ಕ್ಯಾನಿಗೆ ಕರೆದೆ. ಅಣ್ಣ ಬರಲಿಲ್ಲ. "ಹರಳ ಕರಗಿ ಹೋದ ಮ್ಯಾಲ ಇನ್ನ ಏನಂತ ಫೋಟೋ ತಗಸ್ತಿಯೋ?" ಎಂದ. ನಾನು ಕಟ್ಟಿದ ಬೇಲಿಯನ್ನು ನಾನೇ ದಾಟಲಾಗಲಿಲ್ಲ. ಅವನು ಗಟ್ಟಿಯಾಗಿಯೇ ಇದ್ದ. ಜೋಳದ ರಾಶಿಗೆ ನಿಂತ, ಮುರಗೋಡದ ಮಠಕ್ಕೆ ನಡೆದುಕೊಂಡೇ ಹೋಗಿ ಬಂದ, ಹರಳಾದವರು ಬಂದರೆ ತಾನೇ ಹುರುಳಿ ಕಟ್ಟು ಹೇಳಿಕೊಟ್ಟ. ನಾನೂ ನಂಬತೊಡಗಿದೆ. ಕೆಲವರಿಗೆ ನಿಧಾನ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲವೇ? ಅವರ ಉಳಿದ ಮಾತುಗಳನ್ನೆಲ್ಲ ಮರೆತು ಅದೊಂದನ್ನೇ ಹಿಡಿದುಕೊಂಡೆ.

ಒಂದು ವರ್ಷದ ಹತ್ತಿರ ಬಂದಾಗ ಕೆಮ್ಮು ಶುರುವಾಯಿತು. ಅಂಗಿ ದೊಡ್ಡದಾಯಿತು. ಸೊಂಟದ ದಾರ ಎರಡು ಸಲ ಬಿಗಿ ಮಾಡಿಕೊಂಡೆ ಎಂದು ಅವನೇ ಹೇಳಿದ. ಬೆಳಗಾವಿಗೆ ಕರೆದುಕೊಂಡು ಹೋದೆವು. ಅದೇ ಡಾಕ್ಟರು. ರೋಗ ಪುಪ್ಪುಸಕ್ಕೆ ಹಬ್ಬಿತ್ತು. ಈ ಸಲ ಅವರು ಅಣ್ಣನನ್ನು ಹೊರಗೆ ಕೂಡಿಸಲಿಲ್ಲ. ಅವನಿಗೆ ಎಲ್ಲ ಗೊತ್ತಿದೆ ಎಂದು ನಾನೇ ಹೇಳಿದ್ದೆನಲ್ಲ. ಅವನ ಎದುರೇ ಕುರ್ಚಿ ಎಳೆದುಕೊಂಡು ಕುಳಿತು, ಮೆಲ್ಲಗೆ, ಕ್ಯಾನ್ಸರ್ ಎಂಬ ಹೆಸರು ಹಿಡಿದೇ ಮಾತಾಡಿದರು.

"ಆವಾಗ ಕಿಡ್ನ್ಯಾಗಷ್ಟ ಇತ್ತ್ರಿ ಅಜ್ಜಾರ. ಆಪರೇಶನ್ ಮಾಡೋಣು ಅಂದಿದ್ದೆ. ನೀವ ಬ್ಯಾಡ ಅಂದ್ರಿ ಅಂತ ನಿಮ್ಮ ತಮ್ಮಾರು ಫೋನ್ ಮಾಡಿದ್ರಲ್ರಿ?"

ಅಣ್ಣ ತಿರುಗಿ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಿದೆ. ಗೋಡೆಯ ಮೇಲೆ ಮನುಷ್ಯನ ಮೈಯೊಳಗಿನ ಚಿತ್ರವಿತ್ತು, ಅದನ್ನೇ ನೋಡುತ್ತ ನಿಂತೆ.

"ಹೂನ್ರಿ ಸಾಹೇಬ್ರ," ಎಂದ ಅಣ್ಣ. "ನಾನ ಬ್ಯಾಡ ಅಂದಿದ್ದೆ."

ಔಷಧ ಹೇಗೆ ತೆಗೆದುಕೊಳ್ಳಬೇಕು ಎಂದು ಕೇಳಿಕೊಂಡ. ಎದ್ದು ಬರುವಾಗ ಡಾಕ್ಟರಿಗೆ ಕೈ ಮುಗಿದ.

ಹೊರಗೆ ಮಗ ವಾಹನ ತರಲು ಹೋದ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಾವಿಬ್ಬರೇ ನಿಂತಿದ್ದೆವು.

"ಹರಳ ಇರ್ಲೇ ಇಲ್ಲೇನು?" ಎಂದ.

"ಇರ್ಲಿಲ್ಲಣ್ಣಾ."

"ಹಂಗಾದ್ರ ಆ ಸುಡುಗಾಡ ಹುರಳಿ ಕಟ್ಟ ವರ್ಷಪೂರ್ತಿ ಸುಮ್ಮಸುಮ್ಮನ ಕುಡದ್ನ್ಯಾ?"

ನನಗೆ ಅಳು ಬಂತು. "ತಪ್ಪಾತಣ್ಣಾ," ಎಂದೆ. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದ. "ಗಾಡಿ ಬಂತು, ನಡಿ," ಎಂದ.

ಮಾವನ ಹಾಗೆ ಅವನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ರೋಗದ ಹೆಸರು ಗೊತ್ತಾದ ಮೇಲೂ ಉಂಡ, ನಕ್ಕ, ಮೊಮ್ಮಗಳ ಲೆಕ್ಕದ ಪುಸ್ತಕ ನೋಡಿದ. ಯಾವ ಹೊಲಕ್ಕೆ ಏನು ಬಿತ್ತಬೇಕು ಎಂದು ಮಗನಿಗೆ ಹೇಳಿದ. ತನ್ನನ್ನು ಹೊಲದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಬೇಕು, ಬದುವಿನಿಂದ ತೀರ ದೂರ ಬೇಡ, ಕುಂಟೆ ಹೊಡೆಯಲು ಅಡ್ಡವಾಗುತ್ತದೆ ಎಂದ. ಹೆಸರು ಅವನನ್ನು ಕೊಲ್ಲಲಿಲ್ಲ. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಎರಡು ತಿಂಗಳಿಗೆ ಸ್ವಲ್ಪ ಕಡಿಮೆ ಇದ್ದ. ನಾನು ದಿನ ಬಿಟ್ಟು ದಿನ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದೆ. ಕಾಲು ಒತ್ತುತ್ತಿದ್ದೆ. ಒಂದು ಮಾತು ಕೇಳಬೇಕೆಂದು ಪ್ರತಿ ಸಲ ಮನೆಯಿಂದ ಹೊರಡುತ್ತಿದ್ದೆ. ಅವತ್ತು ಆ ಬೆಂಚಿನ ಮೇಲೆ ನಾನು ನಿಜ ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ? ಅಷ್ಟೇ ಮಾತು. ಕೇಳಿದರೆ ಅವನು ಹೇಳುತ್ತಿದ್ದ. ಮಾಡಿಸಿಕೊಳ್ಳುತ್ತಿದ್ದೆ ಎಂದುಬಿಟ್ಟರೆ ಎಂಬ ಹೆದರಿಕೆಗೆ ಕೇಳಲಿಲ್ಲ. ಅವನೂ ಆ ಮಾತು ತೆಗೆಯಲಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು. ಕೊನೆಕೊನೆಗೆ ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ವೈನಿ ಗಂಜಿ ಆರಿಸುತ್ತಿರುವಾಗ ಹೋಗಿಬಿಟ್ಟ. ನಾನು ಆಗ ಬಸ್ಸಿನಲ್ಲಿದ್ದೆ.

ಮಣ್ಣು ಕೊಟ್ಟು ಬಂದ ಮೇಲೆ, ಬಂದವರೆಲ್ಲ ಹೋದ ಮೇಲೆ, ವೈನಿಗೆ ಆ ಫೋನಿನ ಮಾತನ್ನೂ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನೀ ಹೇಳಿದ್ರೂ ಅವರು ಬ್ಯಾಡಂತಿದ್ರು ತಮ್ಮಾ. ಹೊಟ್ಟಿ ಕೊಯ್ಸ್ಕೊಳ್ಳೂದಂದ್ರ ಅವರಿಗೆ ಮೊದಲಿಂದ ಆಗ್ತಿದ್ದಿಲ್ಲ. ನೀ ಮನಸಿಗೆ ಹಚ್ಕೋಬ್ಯಾಡ," ಎಂದಳು. ಅವಳು ಅದನ್ನು ನನ್ನ ಸಲುವಾಗಿ ಹೇಳಿದಳೋ ತನ್ನ ಸಲುವಾಗಿ ಹೇಳಿಕೊಂಡಳೋ ತಿಳಿಯಲಿಲ್ಲ. ಹೇಳಬೇಡ ಎಂದವಳು ಅವಳೂ ಹೌದು.

ಮಗ ಹಾಗೆ ಹೇಳಲಿಲ್ಲ. ಹಲವು ದಿನಗಳ ನಂತರ ಹೊಲದಲ್ಲಿ, ಟ್ರ್ಯಾಕ್ಟರಿನಿಂದ ಇಳಿದು ನನ್ನ ಹತ್ತಿರ ಬಂದು, ನನ್ನ ಮುಖ ನೋಡದೆ, "ಅಪ್ಪ ಹೂಂ ಅಂತಿದ್ದ ಕಾಕಾ. ನನಗ ಗೊತ್ತೈತಿ. ಅವ ಅಂಜೂ ಮನಶ್ಯಾ ಅಲ್ಲ," ಎಂದ. ಆಮೇಲೆ ತನ್ನ ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟ. ಇಬ್ಬರೂ ತಿಂದೆವು.

ವೈನಿ ಅವನ ಜೊತೆ ಐವತ್ತು ವರ್ಷ ಬಾಳಿದವಳು. ಮಗ ಅವನ ಜೊತೆ ದಿನವೂ ಹೊಲಕ್ಕೆ ಹೋದವನು. ಇಬ್ಬರ ಮಾತನ್ನೂ ನಾನು ಅಲ್ಲಗಳೆಯಲಾರೆ. ಹೂಂ ಅಂದಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಅದು ಡಾಕ್ಟರಿಗೂ ಗೊತ್ತಿಲ್ಲ, ಅದನ್ನು ನಾ ಕೇಳುವುದೂ ಇಲ್ಲ. ಬೇಡ ಎಂದೇ ಅಂದಿದ್ದರೆ, ಅದನ್ನು ಗೊತ್ತಿದ್ದು ಅನ್ನುತ್ತಿದ್ದ. ನನ್ನ ಹತ್ತಿರ ವೈನಿ ಹೇಳಿದ ಉತ್ತರ ಇದೆ, ಮಗ ಹೇಳಿದ ಉತ್ತರ ಇದೆ. ಅಣ್ಣನ ಉತ್ತರ ಇಲ್ಲ. ಅವನನ್ನು ಯಾರೂ ಕೇಳಲಿಲ್ಲ.